ಅಸಲು

ಕೊಲ್ಹಾಪುರದ ನಿಂಬಾಳ್ಕರರು ಬೂಟು ಕಳಚಿ ಬಂದರು.
ಗುಡಿಯಲ್ಲ ಇದು, ಉದ್ಯಮಬಾಗದ ಹಿಂದಿನ ಓಣಿ,
ನೆಲದ ತುಂಬ ಆಯಿಲ್ಲು, ಕಬ್ಬಿಣದ ಚೂರು.
ಬೇಡ್ರಿ, ಕಾಲಿಗೆ ಹತ್ತತೈತಿ, ಅಂದೆ.
ಅಷ್ಟರಲ್ಲಿ ತಾಡಪತ್ರಿ ಸರಿದಿತ್ತು,
ಅವರಿಗೆ ನಾನು ಕಾಣುತ್ತಿರಲಿಲ್ಲ.
ಹಂಬರ್ ಪುಲ್ಮನ್, ನಲವತ್ತೆಂಟನೇ ಇಸವಿಯದು.
ಮೂತಿಯಿಂದ ಬೆನ್ನಿನವರೆಗೆ ಏಳು ಹೆಜ್ಜೆ.

ಹತ್ತಿ ಗಿರಣಿಯ ಸಾವಕಾರನೊಬ್ಬ
ಗೇರು ಬೀಳೂದಿಲ್ಲೆಂದು ತಂದು ನಿಲ್ಲಿಸಿದ್ದ.
ನಾಳೆ ಒಯ್ತೀನಿ, ಅಂದಿದ್ದ.
ಆ ನಾಳೆಯೊಳಗೆ ನನ್ನ ಹಾಲುಹಲ್ಲು ಬಿದ್ದು
ಗಟ್ಟಿಹಲ್ಲು ಬಂದು
ಮದುವೆಯಾಗಿ, ಮುರಿದು, ನಾನು ಶೆಡ್ಡಿಗೆ ಮರಳಿದ ವರ್ಷ
ಅವನ ಗುಮಾಸ್ತ ಕಾಗದಪತ್ರ ತಂದ:
ಬಾಕಿಗೆ ಇದನ್ನ ಹಿಡಕೋರಿ.

ಅಪ್ಪ, ಪಾಯಪ್ಪ ಮಿಸ್ತ್ರಿ,
ಹಿಂದಿನ ಸೀಟಿನಲ್ಲಿ ಎಂದೂ ಕೂತವನಲ್ಲ.
ನಡುವೆ ಗಾಜು. ಮುಂದೆ ಡ್ರೈವರನಿಗೆ ತೊಗಲು,
ಹಿಂದೆ ಮಾಲಕನಿಗೆ ಉಣ್ಣೆ;
ವಿಲಾಯತಿಯ ಚಳಿ ನೋಡಿ ಹೊಲಿದ ಮರ್ಯಾದೆ.
ಏಪ್ರಿಲ್ ತಿಂಗಳದಾಗ ಬೆವರು ಯಾರಿಗೆ ಜಾಸ್ತಿ ಹೇಳು,
ಎಂದು ಒಬ್ಬನೇ ನಗುತ್ತಿದ್ದ.

ಇದು ಅಸಲಿ ಏನ್ರೀ?
ನಿಂಬಾಳ್ಕರರ ಕೈಯಲ್ಲಿ ಬೆರಳುದ್ದದ ಬ್ಯಾಟರಿ.
ಚೋಕಿನ ಗುಂಡಿ? ಅಲ್ಲ,
ಹುಣಸೆ ಕಟ್ಟಿಗೆ. ನನಗೆ ಬುಗುರಿ ಕಡೆದು
ಉಳಿದ ತುಂಡಿನಲ್ಲಿ ಅಪ್ಪ ಮಾಡಿದ್ದು.
ನೀರಿನ ಪಂಪಿನ ಚಕ್ರ?
ಫರ್ನಾಂಡಿಸರ ಫೌಂಡ್ರಿಯಲ್ಲಿ ಎರಕ ಹೊಯ್ದದ್ದು,
ಮೂರು ಸೀಳಿದವು, ನಾಲ್ಕನೆಯದು ನಿಂತಿತು.
ಹಿಂದಿನ ಸೀಟಿನ ಅರಿವೆ?
ಉಣ್ಣೆಯನ್ನು ನುಸಿ ತಿಂದಮೇಲೆ ವಡಗಾವಿಯ ಮಗ್ಗದಲ್ಲಿ
ಸೀರಿಗಿಂತ ದಪ್ಪ, ಜಮಖಾನಿಗಿಂತ ತೆಳ್ಳಗ
ಎಂದು ಅಳತೆ ಹೇಳಿ ನೇಯಿಸಿದ್ದು.
ಅಂಚಿನಲ್ಲಿ ಒಂದೆಳೆ ಕೆಂಪು
ಯಾರೂ ಹೇಳದೆ ಬಂದಿದೆ.

ಒಂದೊಂದು ಅಲ್ಲಕ್ಕೂ ಅವರ ಚೀಟಿಯಲ್ಲಿ
ಹತ್ತು ಸಾವಿರ ಇಳಿಯುತ್ತಿತ್ತು.
ಸುಳ್ಳು ಬಾಯಿಗೆ ಬಂದಿತ್ತು, ನಿಜ.
ಹುಣಸೆಯ ಗುಂಡಿ ವಿಲಾಯತಿಯದು ಅಂದುಬಿಟ್ಟರೆ
ಅಪ್ಪನ ಬೆರಳು ಎಲ್ಲಿಗೆ ಹೋಗಬೇಕು?

ಎಲ್ಲಾ ತೆಗಿಸ್ತೀನಿ, ಅಂದರು ಮರಾಠಿ ಬೆರೆತ ಕನ್ನಡದಲ್ಲಿ,
ಇಂಗ್ಲಂಡಿನಿಂದ ಅಸಲಿ ಸಾಮಾನು ತರಿಸ್ತೀನಿ.
ತೆಗೆದದ್ದು?
ಗುಜರಿಗೆ, ಮತ್ತೆಲ್ಲಿಗೆ.

ಗೋಡೆಯ ಮೇಲೆ ಪಾಲಿಕೆಯವರ ಕೆಂಪು ಗೆರೆ,
ಡಿಕ್ಕಿಯ ಎತ್ತರಕ್ಕೆ. ಅರ್ಧ ಶೆಡ್ಡು ರಸ್ತೆಗೆ.
ಉಳಿದರ್ಧದಲ್ಲಿ ಸ್ಕೂಟರು ನಿಲ್ಲುತ್ತವೆ, ಇದು ನಿಲ್ಲುವುದಿಲ್ಲ.
ಚೀಟಿಯ ಕೊನೆಯ ಅಂಕಿಗೆ ಹೂಂ ಅಂದೆ.
ಸ್ಟಾಂಪ್ ಪೇಪರಿನಲ್ಲಿ ಒಂದೇ ಸಾಲು ಸೇರಿಸಿದೆ:
ತೆಗೆದದ್ದೆಲ್ಲ ಬೆಳಗಾವಿಗೆ ವಾಪಸು, ಪಾರ್ಸೆಲ್ ಖರ್ಚು ಕೊಂಡವರದು.
ವಕೀಲ ನಕ್ಕ.
ನಿಂಬಾಳ್ಕರರು ಸಹಿಗೆ ಮೊದಲು
ಚೋಕಿನ ಗುಂಡಿಯನ್ನು ಒಮ್ಮೆ ಎಳೆದು ನೋಡಿದರು.

ಟ್ರಕ್ಕು ಬಂದ ದಿನ ಅವ್ವ
ಹಿಂದಿನ ಬಾಗಿಲು ತೆಗೆದು, ಸೆರಗು ಸರಿಮಾಡಿಕೊಂಡು ಕೂತಳು.
ನಾನು ಮುಂದೆ, ತೊಗಲಿನ ಮೇಲೆ.
ಗಾಜು ಬಡಿದಳು:
ಮೂರನೇ ಗೇಟಿಗೆ ನಡಿ, ಕಾಯಿಪಲ್ಲೆ ತರೂದೈತಿ.
ಇಬ್ಬರೂ ಎಷ್ಟು ಹೊತ್ತು ನಕ್ಕೆವೆಂದರೆ
ಟ್ರಕ್ಕಿನವನು ಬೀಡಿ ಹಚ್ಚಿದ.
ಅಸಲು ಅವಗ, ಬಡ್ಡಿ ನಮಗ, ಅಂದಳು ಇಳಿಯುವಾಗ.

ಪಾರ್ಸೆಲ್ಲು ಬರತೊಡಗಿದವು.
ವಡಗಾವಿಯ ಅರಿವೆ ಈಗ ಗಿರಾಕಿಗಳ ಬೆಂಚಿನ ಮೇಲಿದೆ,
ಪಂಪಿನ ಚಕ್ರ ಬಿಲ್ಲುಪುಸ್ತಕದ ಮೇಲೆ.
ಹುಣಸೆ ಗುಂಡಿಯೊಂದು ಬರಲಿಲ್ಲ.
ಎರಡು ಪತ್ರ ಬರೆದೆ. ಮೂರನೆಯದಕ್ಕೆ ಫೋನು ಮಾಡಿದರು:
ಹೊಸಾದು ಜಾರತೈತ್ರಿ ಬಾಯಿ.
ನಸುಕಿನಾಗ ಗಾಡಿ ತಣ್ಣಗಿರ್ತೈತಿ, ಬೆರಳಿಗೆ ಸಿಗೂದಿಲ್ಲ.
ಹಳೇದನ್ನ ಅಲ್ಲೇ ಬಿಟ್ಟೀನಿ.

ಕರಾರು ಮುರಿದಾರು, ದಂಡ ಕೇಳಬಹುದು, ಅಂತಾನೆ ವಕೀಲ.
ಕೇಳೋಣ ತಡೀರಿ, ಅಂದೆ,
ಪ್ಲಗ್ಗಿನ ಮಸಿ ಒರೆಸುತ್ತ.